ನಾಲ್ಕು ನಿಮಿಷ ನಲವತ್ತು ಸೆಕೆಂಡು

ಕರಾಟೆ ಕ್ಲಾಸಿಗೆ ನಾನು ಮೊದಲ ಸಲ ಹೋದದ್ದು ನೆಲ ಒರೆಸುವುದಕ್ಕೆ.

ಅವ್ವ ಕ್ರೀಡಾಂಗಣದಲ್ಲಿ ಕಸ ಗುಡಿಸುತ್ತಿದ್ದಳು, ಕಕ್ಕಸು ತೊಳೆಯುತ್ತಿದ್ದಳು. ನಮ್ಮ ಬೀದಿಯ ಎಲ್ಲರದೂ ಅದೇ ಕೆಲಸ. ಗಂಡಸರಿಗೆ ಚರಂಡಿ, ಹೆಂಗಸರಿಗೆ ಕಕ್ಕಸು. ಯಾರು ಹೀಗೆ ಹಂಚಿದರೋ ಗೊತ್ತಿಲ್ಲ, ನಮ್ಮನ್ನಂತೂ ಕೇಳಿರಲಿಲ್ಲ. ಅಪ್ಪ ಒಂದು ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಆಗ ನನಗೆ ಆರು ವರ್ಷ. ಮಾರನೆಯ ವಾರ ಅಪ್ಪನ ಜಾಗಕ್ಕೆ ಚಿಕ್ಕಪ್ಪನನ್ನು ತೆಗೆದುಕೊಂಡರು. ಗುಂಡಿ ಅದೇ ಇತ್ತು.

ನನಗೆ ಹನ್ನೊಂದಾದಾಗ ಅವ್ವನಿಗೆ ಮಂಡಿನೋವು ಶುರುವಾಯಿತು. ಶಾಲೆ ಬಿಟ್ಟಮೇಲೆ ಕರಾಟೆ ಹಾಲಿನ ಮ್ಯಾಟು ಒರೆಸುವುದು ನನ್ನ ಪಾಲಿಗೆ ಬಂತು. ನಲವತ್ತೆಂಟು ಮ್ಯಾಟು, ಒಂದು ನೀಲಿ ಆದಮೇಲೆ ಒಂದು ಕೆಂಪು. ಫಿನಾಯಿಲ್ ನೀರಿನಲ್ಲಿ ಬಟ್ಟೆ ಅದ್ದಬೇಕು, ಹಿಂಡಬೇಕು, ಮಂಡಿಯೂರಿ ಒರೆಸುತ್ತಾ ಹಿಂದೆ ಸರಿಯಬೇಕು. ಮುಂದೆ ಹೋದರೆ ನಮ್ಮದೇ ಕಾಲಿನ ಗುರುತು ಬೀಳುತ್ತದೆ. ಅರ್ಧ ಹಾಲಿನಲ್ಲಿ ನಾನು ಒರೆಸುತ್ತಿದ್ದೆ, ಇನ್ನರ್ಧದಲ್ಲಿ ಮಕ್ಕಳು ಒದೆಯುತ್ತಿದ್ದರು. ಒರೆಸುತ್ತಾ ನೋಡುತ್ತಿದ್ದೆ. ನೋಡಿದ್ದನ್ನು ಕಕ್ಕಸಿನ ಹಿಂದಿನ ಓಣಿಯಲ್ಲಿ ಮಾಡುತ್ತಿದ್ದೆ.

ಒಂದು ಸಂಜೆ ಕರಾಟೆ ಮಾಸ್ಟರು ನನ್ನನ್ನು ಕರೆದರು. ಅಂತರಶಾಲಾ ಪಂದ್ಯಕ್ಕೆ ನಲವತ್ತು ಕೆಜಿ ಒಳಗಿನ ಹುಡುಗಿ ಬೇಕಾಗಿದ್ದಳು. ಇದ್ದ ಒಬ್ಬಳಿಗೆ ಟೈಫಾಯ್ಡ್ ಬಂದಿತ್ತು.

"ಎಷ್ಟು ತೂಕ ಇದೀಯ?"

"ಗೊತ್ತಿಲ್ಲ ಸಾರ್."

ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತೆಂಟು ತೋರಿಸಿತು.

"ಒದೆಯಕ್ಕೆ ಬರುತ್ತಾ?"

"ಬರುತ್ತೆ ಸಾರ್."

"ಎಲ್ಲಿ ಕಲಿತೆ?"

"ಇಲ್ಲೇ ಸಾರ್. ಒರೆಸ್ತಾ ಒರೆಸ್ತಾ."

ಅವರು ನಗಲಿಲ್ಲ. ಸೇರಿಸಿಕೊಂಡರು. ನನ್ನ ಅರ್ಹತೆ ಮೂವತ್ತೆಂಟು ಕೆಜಿ.

ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ನನ್ನ ಜಾಗ. ಇಬ್ಬಿಬ್ಬರು ಎದುರುಬದುರು ನಿಂತು ಅಭ್ಯಾಸ ಮಾಡುವಾಗ ನನಗೆ ಜೋಡಿಯಾಗಿ ಕೊಟ್ಟ ಹುಡುಗಿಯ ತಾಯಿ ಮಾರನೆಯ ದಿನವೇ ಬಂದಳು. ಮಾಸ್ಟರ ಹತ್ತಿರ ಮೆಲ್ಲಗೆ ಏನೋ ಹೇಳಿದಳು. ಮಾಸ್ಟರು ತಲೆಯಾಡಿಸಿದರು. ಅಂದಿನಿಂದ ನನ್ನ ಜೋಡಿ ಹಾಲಿನ ಮೂಲೆಯ ಕಂಬ. ಕಂಬದ ತಾಯಿ ಬಂದು ದೂರು ಹೇಳಲಿಲ್ಲ.

ಐದು ವರ್ಷ ಆ ಕಂಬದ ಜೊತೆ ಕಾದಾಡಿದೆ. ಎಷ್ಟು ದೂರದಲ್ಲಿ ನಿಂತರೆ ಕಾಲು ಸರಿಯಾಗಿ ತಲುಪುತ್ತದೆ, ಎಷ್ಟು ದೂರ ನಿಂತರೆ ತಲುಪುವುದಿಲ್ಲ, ಅದು ಮೈಗೇ ಗೊತ್ತಾಯಿತು. ಪಂದ್ಯದಲ್ಲಿ ಮನುಷ್ಯರು ಸಿಕ್ಕರು. ಮನುಷ್ಯರು ಕಂಬಕ್ಕಿಂತ ಸುಲಭ, ಅವರಿಗೆ ನೋವಾಗುತ್ತದೆ. ಗೆದ್ದೆ. ಆಮೇಲೂ ಗೆದ್ದೆ. ಗೆದ್ದ ಕಪ್‌ಗಳು ಮಾಸ್ಟರ ಗಾಜಿನ ಕಪಾಟಿಗೆ ಹೋದವು. ವಾರಕ್ಕೊಮ್ಮೆ ಆ ಗಾಜನ್ನು ನಾನೇ ಒರೆಸುತ್ತಿದ್ದೆ.

ಹದಿನಾರಕ್ಕೆ ಬ್ಲ್ಯಾಕ್ ಬೆಲ್ಟ್ ಬಂತು. ಆರು ಜನ ಪಾಸಾಗಿದ್ದೆವು. ಐದು ಜನರ ಸೊಂಟಕ್ಕೆ ಮಾಸ್ಟರು ತಾವೇ ಬೆಲ್ಟು ಸುತ್ತಿ, ಗಂಟು ಹಾಕಿ, ಬೆನ್ನು ತಟ್ಟಿದರು. ನನ್ನ ಸರದಿ ಬಂದಾಗ ಮೇಜಿನ ಮೇಲಿದ್ದ ಬೆಲ್ಟನ್ನು ಕಣ್ಣಲ್ಲೇ ತೋರಿಸಿದರು.

"ನೀನೇ ಕಟ್ಕೊಳಮ್ಮ. ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಕಟ್ಟಿಕೊಂಡೆ. ಚಪ್ಪಾಳೆ ತಟ್ಟಿದರು. ಅವ್ವ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಅವಳೂ ತಟ್ಟಿದಳು. ಬಕೆಟ್ಟು ಕೆಳಗಿಟ್ಟೇ ತಟ್ಟಿದಳು.

ಆಮೇಲೆ ಮೂರು ವರ್ಷ ನಾನು ತಂಡದ ಕಾಯ್ದಿರಿಸಿದ ಆಟಗಾರ್ತಿ. ಬೇರೆ ಊರಿನ ಪಂದ್ಯಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಯಾರಿಗಾದರೂ ಪೆಟ್ಟಾದರೆ ನಾನು ಆಡಬೇಕು. ಯಾರಿಗೂ ಪೆಟ್ಟಾಗಲಿಲ್ಲ. ಆಟಗಾರ್ತಿಯರ ಬಿಳಿ ಬಟ್ಟೆಗಳನ್ನು ಒಗೆಯಲು ಯಾರಾದರೂ ಬೇಕಾಗಿತ್ತು. ಬಾತ್‌ರೂಮಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಹನ್ನೆರಡು ಜೊತೆ ಒಗೆಯುತ್ತಿದ್ದೆ. ಹದಿಮೂರನೆಯದು ನನ್ನದು. ಅದು ಕೊಳೆಯಾಗಿರುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಬಿಟ್ಟೆ. ಹೇಳಿಯೇನೂ ಬಿಡಲಿಲ್ಲ. ಹೋಗಲಿಲ್ಲ, ಅಷ್ಟೇ. ಯಾರೂ ಕೇಳಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೂರನೇ ಮಹಡಿ, ಇಪ್ಪತ್ತೆರಡು ಕಕ್ಕಸು, ದಿನಕ್ಕೆ ಮೂರು ಸಲ. ಆಸಿಡ್ ಹುಯ್ದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಗಂಟಲು. ಕೈಗವಸು ತಿಂಗಳಿಗೆ ಒಂದು ಜೊತೆ. ಎರಡನೇ ವಾರಕ್ಕೆ ಬೆರಳ ತುದಿ ಹರಿಯುತ್ತದೆ. ಮೂರನೇ ವಾರದಿಂದ ಚರ್ಮವೇ ಕೈಗವಸು. ಜನ ಮೂಗು ಮುಚ್ಚಿಕೊಂಡು ಬಂದು, ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಗಲೀಜು ಅವರದು. ವಾಸನೆ ಮಾತ್ರ ನಮ್ಮದು ಅಂದುಕೊಂಡಿರುತ್ತಾರೆ.

ಒಂದು ಮಧ್ಯಾಹ್ನ ಒಬ್ಬ ರೋಗಿ ಒಳಗೆ ಹೋದವನು ಚಿಲಕ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದ. ಹೊರಗೆ ಹತ್ತು ಜನ ಸೇರಿದ್ದರು. ಕೀ ಯಾರ ಹತ್ತಿರ ಇದೆ ಎಂದು ಚರ್ಚೆ ನಡೆದಿತ್ತು. ಒಳಗಿನಿಂದ ದನಿ ಸಣ್ಣದಾಗುತ್ತಾ ಬಂತು. ನಾನು ಬಕೆಟ್ಟು ಇಟ್ಟೆ. "ಸರೀರಿ" ಅಂದೆ. ಚಿಲಕದ ಪಕ್ಕಕ್ಕೆ ಒಂದು ಫ್ರಂಟ್ ಕಿಕ್ ಕೊಟ್ಟೆ. ಬಾಗಿಲು ತೆರೆಯಿತು. ರೋಗಿಯನ್ನು ಎತ್ತಿಕೊಂಡು ಹೋದರು. ಬಾಗಿಲು ಮುರಿದದ್ದಕ್ಕೆ ಮೇಲ್ವಿಚಾರಕ ನನ್ನಿಂದ ವಿವರಣೆ ಬರೆಸಿಕೊಂಡ.

ಕೈಗೆ ಪಟ್ಟಿ ಹಾಕಿಸಿಕೊಂಡಿದ್ದ ಶಿಷ್ಯನೊಬ್ಬನನ್ನು ಕರೆದುಕೊಂಡು ಬಂದಿದ್ದ ಮುದುಕರೊಬ್ಬರು ಅಲ್ಲೇ ನಿಂತು ನೋಡಿದ್ದರು. ಕುಳ್ಳು ಆಳು, ಕತ್ತೇ ಇಲ್ಲ. ಎರಡು ಕಿವಿಗಳೂ ಹಿಂಡಿ ಬಿಸಾಕಿದ ಬಟ್ಟೆಯ ಹಾಗೆ ಮುದುಡಿದ್ದವು. ಹಳೆಯ ಕುಸ್ತಿಯವರು. ಎಲ್ಲರೂ ಕಿವಿ ಮೇಷ್ಟ್ರು ಅನ್ನುತ್ತಾರೆಂದು ಆಮೇಲೆ ಗೊತ್ತಾಯಿತು.

"ಯಾರಮ್ಮ ಕಲಿಸಿದ್ದು?"

"ಕಂಬ."

"ಒಳ್ಳೆ ಮೇಷ್ಟ್ರು. ಆದ್ರೆ ಅದು ತಿರುಗಿ ಹೊಡೆಯಲ್ಲ. ನಾಳೆ ಬಾ."

ಗ್ಯಾರೇಜಿನ ಹಿಂದಿನ ಗೋದಾಮು ಅವರ ಗರಡಿ. ಅಲ್ಲಿ ಕಲಿಸುತ್ತಿದ್ದದ್ದು ಎಂಎಂಎ. ಹೊಡೆಯಬಹುದು, ಒದೆಯಬಹುದು, ಹಿಡಿದು ಕೆಡವಬಹುದು, ಕೆಳಗೆ ಹಾಕಿ ಕತ್ತು ಅಮುಕಬಹುದು. ಸುತ್ತ ಬಲೆ ಕಟ್ಟಿದ ಕಣ, ಅದಕ್ಕೆ ಕೇಜ್ ಅನ್ನುತ್ತಾರೆ. ಮೊದಲ ದಿನ ಮೇಷ್ಟ್ರು ಎದುರು ನಿಂತು ಕೈ ಚಾಚಿದರು.

"ಬಾ. ಸೊಂಟ ಹಿಡಿ."

ನಾನು ನಿಂತೇ ಇದ್ದೆ.

"ಏನಾಯ್ತು?"

"ಸಾರ್, ನಮ್ಮ ಮನೆ ಇರೋದು ಪಂಪ್‌ಹೌಸ್ ಹಿಂದಿನ ಬೀದೀಲಿ."

"ನಾನೇನು ಅಡ್ರೆಸ್ ಕೇಳಿದ್ನಾ? ಸೊಂಟ ಹಿಡಿ ಅಂದೆ."

ಹಿಡಿದೆ. ಎತ್ತಿ ಎಸೆದರು. ಎದ್ದೆ. ಮತ್ತೆ ಎಸೆದರು. ಅವತ್ತು ಹದಿನೇಳು ಸಲ ಬಿದ್ದೆ. ಅವ್ವನನ್ನು ಬಿಟ್ಟು ಬೇರೆಯವರು ನನ್ನನ್ನು ಅಷ್ಟು ಹೊತ್ತು ಮುಟ್ಟಿದ್ದು ಅದೇ ಮೊದಲು. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದೆ. ಬೆನ್ನು ನೋಯುತ್ತಿತ್ತು. ಅಳು ಬಂದದ್ದು ಬೆನ್ನಿಗಲ್ಲ.

ಮೊದಲ ಪಂದ್ಯದಲ್ಲಿ ಕರಾಟೆಯವಳ ಹಾಗೆ ಅಗಲವಾಗಿ ಕಾಲಿಟ್ಟು ನಿಂತೆ. ಜನ ನಕ್ಕರು. ಒದ್ದೆ. ಎದುರಾಳಿ ಆ ಕಾಲನ್ನೇ ಹಿಡಿದು ಕೆಡವಿ ಕತ್ತು ಅಮುಕಿದಳು. ಒಂದು ನಿಮಿಷ ಹತ್ತು ಸೆಕೆಂಡು. ನಾನು ಸೋತೆ. ಮೇಷ್ಟ್ರು ಹೇಳಿದ್ದು ಒಂದೇ ಮಾತು.

"ಒದ್ದ ಕಾಲನ್ನ ಅಲ್ಲೇ ಬಿಟ್ಟು ಬರಬೇಡ. ವಾಪಸ್ ತಗೊಂಡು ಬಾ."

ಎರಡು ವರ್ಷ ಅದನ್ನೇ ಕಲಿತೆ. ಬೆಳಿಗ್ಗೆ ಕಕ್ಕಸು, ಸಂಜೆ ಗರಡಿ. ದೂರ ನಿಲ್ಲುವುದು ಮೊದಲೇ ಗೊತ್ತಿತ್ತು, ಹತ್ತಿರ ಬಂದವರನ್ನು ಹಿಡಿಯುವುದನ್ನು ಕಲಿತೆ. ಮೂರು ಪಂದ್ಯ ಗೆದ್ದೆ. ಆಗ ಆಯೋಜಕ ಬಂದ.

ಆಯೋಜಕ ಅಂದರೆ ಪಂದ್ಯ ಏರ್ಪಡಿಸಿ, ಟಿಕೆಟ್ಟು ಮಾರಿ, ಫೋನಿನಲ್ಲಿ ನೇರ ಪ್ರಸಾರ ಮಾಡುವವನು. ಅವನನ್ನು ಬಿಟ್ಟರೆ ಹೆಂಗಸರಿಗೆ ಪಂದ್ಯ ಕೊಡುವವರು ಆ ಕಡೆ ಯಾರೂ ಇರಲಿಲ್ಲ. ಹೊಳೆಯುವ ಬೂಟು, ಸಣ್ಣ ಗಡ್ಡ, ಬಹಳ ಮರ್ಯಾದೆ. ನನ್ನನ್ನು "ಸಿಸ್ಟರ್" ಅನ್ನುತ್ತಿದ್ದ.

"ಸಿಸ್ಟರ್, ಜನ ಪಂದ್ಯ ನೋಡೋಕೆ ಬರಲ್ಲ. ಕಥೆ ನೋಡೋಕೆ ಬರ್ತಾರೆ. ನಿಮ್ಮ ಹತ್ರ ಕಥೆ ಇದೆ."

"ಏನ್ ಕಥೆ?"

"ನೀವು ಮಾಡೋ ಕೆಲಸ. ನಿಮ್ಮ ತಂದೆ. ಅಬ್ಬಾ, ಏನ್ ಕಥೆ ಸಿಸ್ಟರ್!"

ಅವನು ಒಂದು ವಿಡಿಯೊ ಮಾಡಿಸಿದ. ಹಿನ್ನೆಲೆಯಲ್ಲಿ ಪಿಟೀಲು. ಒಂದು ಗುಂಡಿಯ ಮುಚ್ಚಳ ನಿಧಾನವಾಗಿ ಸರಿಯುತ್ತದೆ, ಒಳಗಿಂದ ಹೊಗೆ ಏಳುತ್ತದೆ. ಅದು ಅಪ್ಪ ಸತ್ತ ಗುಂಡಿಯಲ್ಲ. ಆ ಗುಂಡಿಯ ಹತ್ತಿರ ಬೆಳಕು ಚೆನ್ನಾಗಿರಲಿಲ್ಲವಂತೆ.

ನನಗೊಂದು ಹೆಸರು ಇಟ್ಟ. ಪೊರಕೆ ರಾಣಿ. ಕೇಜಿಗೆ ಬರುವಾಗ ಕೈಯಲ್ಲಿ ಪೊರಕೆ ಇರಬೇಕು. ಪೊರಕೆಗೆ ಚಿನ್ನದ ಬಣ್ಣ ಬಳಿಸಿದ್ದ. ಕೇಜಿನ ನೆಲದ ಮೇಲೆ ಮೊದಲೇ ಬಣ್ಣದ ಕಾಗದದ ಚೂರು ಸುರಿದಿರುತ್ತಾರೆ. ನಾನು ಅದನ್ನು ಗುಡಿಸಬೇಕು. ಗುಡಿಸಿದ ಮೇಲೆ ಗಂಟೆ ಬಾರಿಸುತ್ತಾರೆ.

ಮೇಷ್ಟ್ರು ಬೇಡ ಅಂದರು. "ಬೇರೆ ಪಂದ್ಯ ಕೊಡ್ಸಿ ಸಾರ್" ಅಂದೆ. ಅವರ ಹತ್ತಿರ ಗೋದಾಮು ಇತ್ತು, ಪಂದ್ಯ ಇರಲಿಲ್ಲ.

ಮೂರು ಸಲ ಗುಡಿಸಿದೆ. ಮೂರು ಸಲವೂ ಗೆದ್ದೆ. ಜನ ಎದ್ದು ನಿಂತು "ಗುಡಿಸು, ಗುಡಿಸು" ಎಂದು ಕೂಗುತ್ತಿದ್ದರು. ನಾನು ಒದೆಯುವಾಗಲೂ ಅದನ್ನೇ ಕೂಗುತ್ತಿದ್ದರು. ಬೇರೆ ಆಟಗಾರ್ತಿಯರು ಗೆದ್ದರೆ, ಹೊಡೆದು ಗೆದ್ದರು ಎಂದು ಪೇಪರಿನವರು ಬರೆಯುತ್ತಿದ್ದರು. ನಾನು ಗುಡಿಸಿ ಹಾಕಿದೆ ಎಂದು ಬರೆದರು.

ಅವ್ವ ಅದನ್ನು ಪಕ್ಕದ ಮನೆಯವಳ ಫೋನಿನಲ್ಲಿ ನೋಡಿದಳು. ಎರಡು ಸಲ ನೋಡಿದಳು.

"ಇದಕ್ಕೆ ಬೇರೆ ಸಂಬಳ ಕೊಡ್ತಾರಾ?"

"ಯಾವುದಕ್ಕೆ?"

"ಗುಡಿಸಿದ್ದಕ್ಕೆ."

"ಇಲ್ಲ."

"ಮತ್ಯಾಕೆ ಗುಡಿಸ್ತೀಯ?"

ಅವ್ವ ಫೋನನ್ನು ವಾಪಸ್ ಕೊಟ್ಟಳು.

"ಅದೂ ಸರಿಯಾಗಿ ಗುಡಿಸಿಲ್ಲ. ಮೂಲೆ ಬಿಟ್ಟಿದೀಯ."

ನಾಲ್ಕನೆಯದು ದೊಡ್ಡ ಪಂದ್ಯ. ಗೆದ್ದವಳ ಹೆಸರು ದೇಶದ ಮೊದಲ ಹತ್ತು ಜನರ ಪಟ್ಟಿಗೆ ಹೋಗುತ್ತದೆ. ಪಟ್ಟಿಗೆ ಹೋದರೆ ಬೇರೆಯವರೂ ಪಂದ್ಯಕ್ಕೆ ಕರೆಯುತ್ತಾರೆ, ಈ ಆಯೋಜಕ ಬೇಕಾಗುವುದಿಲ್ಲ. ಅದಕ್ಕೇ ನಾನು ಹಲ್ಲು ಕಚ್ಚಿಕೊಂಡಿದ್ದೆ. ಎದುರಾಳಿ ನನಗಿಂತ ಎತ್ತರ, ಒಳ್ಳೆಯ ಮನೆಯವಳು, ಹಲ್ಲು ನೆಟ್ಟಗಿದ್ದವು. ಹಿಂದಿನ ದಿನ ತೂಕ ನೋಡುವಾಗ ಇಬ್ಬರನ್ನೂ ಮುಖಾಮುಖಿ ನಿಲ್ಲಿಸಿದರು. ಅವಳು ಎರಡು ಬೆರಳಿನಿಂದ ಮೂಗು ಹಿಡಿದುಕೊಂಡಳು. ಕ್ಯಾಮೆರಾಗಳು ಚಕಚಕ ಅಂದವು. ಆಯೋಜಕ ನಕ್ಕ. ನಾನು ಅವಳ ಪಕ್ಕೆಲುಬು ನೋಡಿದೆ. ಬಲಗಡೆ ಕೆಳಗಿನ ಎರಡು, ಮೂಗು ಹಿಡಿಯಲು ಕೈ ಎತ್ತಿದಾಗ ಚೆನ್ನಾಗಿ ಕಂಡವು.

"ಸಿಸ್ಟರ್, ನಾಳೆ ಅಮ್ಮನೂ ಬರ್ಲಿ," ಅಂದ ಆಯೋಜಕ. "ಕಾರು ಕಳಿಸ್ತೀನಿ."

ಅವ್ವ ನನ್ನ ಪಂದ್ಯವನ್ನು ಎದುರಿಗೆ ಕೂತು ನೋಡಿರಲೇ ಇಲ್ಲ. ಅವಳು ರಜ ಹಾಕಿದಳು. ಎರಡು ವರ್ಷದಲ್ಲಿ ಅದು ಮೊದಲ ರಜ. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಳು. ಕಾರಿನಲ್ಲಿ ಸೀಟಿನ ತುದಿಯಲ್ಲಿ ಕೂತಳು. ಒರಗಿಕೋ ಅಂದರೆ, "ಸೀರೆ ಮುದುಡುತ್ತೆ" ಅಂದಳು.

ಸಂಜೆ ಆರಕ್ಕೆ ಪಂದ್ಯ. ನನ್ನ ಕೋಣೆಯಲ್ಲಿ ಮೇಷ್ಟ್ರು ನನ್ನ ಕೈಗೆ ಪಟ್ಟಿ ಸುತ್ತುತ್ತಿದ್ದರು. ಆಯೋಜಕ ಬಂದ. ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗಿಂದ ಕಿತ್ತಳೆ ಬಣ್ಣದ ಹೊಸ ಕೋಟು ತೆಗೆದ. ಕಸ ಗುಡಿಸುವವರು ಹಾಕಿಕೊಳ್ಳುವಂಥದ್ದು. ಬೆನ್ನ ಮೇಲೆ ಪೊರಕೆ ರಾಣಿಯ ತಾಯಿ ಎಂದು ಅಚ್ಚು ಹಾಕಿಸಿದ್ದ.

"ಅಮ್ಮಾ, ಇದನ್ನ ಸೀರೆ ಮೇಲೆ ಹಾಕ್ಕೊಳ್ಳಿ. ನೀವು ಮುಂದೆ ಗುಡಿಸ್ತಾ ಬನ್ನಿ, ಮಗಳು ಹಿಂದೆ ಬರ್ತಾಳೆ. ಜನ ಅತ್ತುಬಿಡ್ತಾರೆ ನೋಡಿ."

ಅವ್ವ ಕೋಟು ನೋಡಿದಳು. ಅವನನ್ನು ನೋಡಿದಳು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಇವತ್ತು ನಂಗೆ ರಜ ಸಾರ್," ಅಂದಳು. "ರಜ ಹಾಕಿ ಬಂದಿದೀನಿ."

"ಕೆಲಸ ಅಲ್ಲಮ್ಮಾ, ಇದು ಶೋ."

"ಗುಡಿಸೋದು ತಾನೆ?"

"ಹೌದು, ಆದ್ರೆ..."

"ರಜ ಸಾರ್ ಇವತ್ತು."

ಅವನು ನನ್ನ ಕಡೆ ತಿರುಗಿದ. "ಸಿಸ್ಟರ್, ನೀವು ಹೇಳಿ ಅಮ್ಮಂಗೆ."

ಅಲ್ಲಿಯವರೆಗೆ ನಾನು ಏನೇನೋ ನುಂಗಿದ್ದೆ. ಹೊಟ್ಟೆ ದೊಡ್ಡದು ಅಂದುಕೊಂಡಿದ್ದೆ. ಆ ಹಸಿರು ಸೀರೆಯ ಮೇಲೆ ಆ ಕೋಟು ಬರುವುದನ್ನು ನೆನೆಸಿಕೊಂಡೆ. ಹೊಟ್ಟೆ ತುಂಬಿತು.

"ಅವ್ವ ಹಾಕ್ಕೊಳಲ್ಲ," ಅಂದೆ. "ನಾನೂ ಗುಡಿಸಲ್ಲ."

"ಏನಂದ್ರಿ?"

"ಗುಡಿಸಲ್ಲ. ಕಾದಾಡ್ತೀನಿ. ನೀವು ಸುರಿದಿರೋ ಕಸ ತೆಗೆಸಿ, ಬರ್ತೀನಿ."

ಅವನ ಮರ್ಯಾದೆ ಅಲ್ಲಿಗೆ ಮುಗಿಯಿತು. "ಏಯ್, ನಿನ್ನನ್ನ ಕಕ್ಕಸಿಂದ ಎತ್ತಿ ತಂದು ರಾಣಿ ಮಾಡ್ದೆ. ಪೊರಕೆ ಬಿಟ್ರೆ ನೀನ್ಯಾರೇ? ಹೆಸರು ಕರೆದ ಐದು ನಿಮಿಷದೊಳಗೆ ಕೇಜಲ್ಲಿ ಇರದಿದ್ರೆ ಸೋಲು. ಗೊತ್ತಲ್ಲ?"

"ಗೊತ್ತು."

"ನೋಡ್ತೀನಿ," ಎಂದು ಹೋದ. ಮೂಲೆಯಲ್ಲಿದ್ದ ಚಿನ್ನದ ಪೊರಕೆಯನ್ನು ಬಾಗಿಲಿಗೆ ಅಡ್ಡ ಇಟ್ಟು ಹೋದ.

ಹೊರಗೆ ಹೆಸರು ಕರೆದರು. ಸಂಗೀತ ಬಂತು. ಬೆಳಕು ಬಂತು. ನಾನು ಬಾಗಿಲ ಬಳಿ ನಿಂತೆ. ಅಲ್ಲಿಂದ ಕೇಜು ಕಾಣುತ್ತಿತ್ತು. ಎದುರಾಳಿ ಒಳಗೆ ನಿಂತು ಕೈ ಕೊಡವುತ್ತಿದ್ದಳು. ಅವಳ ಕಾಲ ಕೆಳಗೆಲ್ಲ ಬಣ್ಣದ ಕಾಗದ. ಗೋಡೆಯ ಗಡಿಯಾರ ಸೊನ್ನೆಯಿಂದ ಐದು ನಿಮಿಷದ ಕಡೆಗೆ ಎಣಿಸತೊಡಗಿತು. ಜನ "ಗುಡಿಸು, ಗುಡಿಸು" ಅನ್ನುತ್ತಿದ್ದರು.

ಒಂದು ನಿಮಿಷ ಆಯಿತು. ಕೂಗು ನಿಂತು ಗುಸುಗುಸು ಶುರುವಾಯಿತು.

ಪಂದ್ಯದ ತೀರ್ಪುಗಾರ ವಯಸ್ಸಾದ ಮನುಷ್ಯ, ಯಾರ ಮುಖವನ್ನೂ ನೋಡುವವನಲ್ಲ. ಅವನು ಕೇಜಿನ ನೆಲವನ್ನು ಕಾಲಿನಿಂದ ಒರೆಸಿ ನೋಡಿದ. "ಕಾಗದ ಇದ್ರೆ ಜಾರುತ್ತೆ. ನೆಲ ಚೊಕ್ಕಟ ಆಗದೆ ಗಂಟೆ ಹೊಡೆಸಲ್ಲ," ಅಂದ. ಅವನ ಮೈಕು ಚಾಲೂ ಇತ್ತು. ಎಲ್ಲರಿಗೂ ಕೇಳಿಸಿತು.

ಎರಡು ನಿಮಿಷ. ಆಯೋಜಕ ಲೈಟಿನವನಿಗೆ ಹೇಳಿದ. ಅವನು "ನಾನು ಲೈಟಿನವನು ಸಾರ್" ಅಂದ. ಕ್ಯಾಮೆರಾದವನಿಗೆ ಹೇಳಿದ. ಅವನು ಕ್ಯಾಮೆರಾದಿಂದ ಕಣ್ಣೇ ತೆಗೆಯಲಿಲ್ಲ. ಆ ಹಾಲಿನ ಕಸ ಗುಡಿಸುವ ಹೆಂಗಸರಿಬ್ಬರು ಗೋಡೆ ಬದಿಯಲ್ಲಿ ನಿಂತಿದ್ದರು. ನಮ್ಮ ಬೀದಿಯವರಲ್ಲ, ಬೇರೆ ಯಾವುದೋ ಬೀದಿಯವರು, ಆದರೂ ನಮ್ಮವರೇ. ಆಯೋಜಕ ಅವರ ಕಡೆ ಓಡಿದ. ಅವರು ನಮ್ಮ ಬಾಗಿಲಲ್ಲಿ ಹಸಿರು ಸೀರೆಯಲ್ಲಿ ನಿಂತಿದ್ದ ಅವ್ವನನ್ನು ನೋಡಿದರು. ಅವ್ವ ಏನೂ ಸನ್ನೆ ಮಾಡಲಿಲ್ಲ. ಸುಮ್ಮನೆ ನಿಂತಿದ್ದಳು.

"ನಮ್ಮ ಡ್ಯೂಟಿ ಶುರುವಾಗೋದು ಆಟ ಮುಗಿದ ಮೇಲೆ," ಅಂದಳು ಒಬ್ಬಳು.

ಮೂರು ನಿಮಿಷ. ನೇರ ಪ್ರಸಾರ ನಡೆಯುತ್ತಿತ್ತು, ಪಂದ್ಯ ನಡೆಯದಿದ್ದರೆ ಟಿಕೆಟ್ಟಿನ ದುಡ್ಡು ವಾಪಸ್ ಕೊಡಬೇಕಿತ್ತು. ಆಯೋಜಕ ನನ್ನ ಬಾಗಿಲಿಗೆ ಓಡಿ ಬಂದ. ಬೆವರಿದ್ದ. ನಾನು ದಾರಿ ಬಿಟ್ಟು ನಿಂತೆ. ಅವನು ಪೊರಕೆ ಎತ್ತಿಕೊಂಡು ಹೋದ.

ಅವನಿಗೆ ಗುಡಿಸಲು ಬರುತ್ತಿರಲಿಲ್ಲ. ಬೂಟು ಹಾಕಿಕೊಂಡೇ ಕೇಜಿನ ಒಳಗೆ ಹೋದ. ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು, ಕಸವನ್ನು ತನ್ನ ಕಡೆಗೇ ಎಳೆದುಕೊಂಡ. ಕಾಗದ ಅವನ ಬೂಟಿಗೆ ಅಂಟಿತು. ಒಂದು ಕಡೆ ಗುಡಿಸಿದ್ದನ್ನು ತುಳಿದು ಇನ್ನೊಂದು ಕಡೆಗೆ ಒಯ್ದ. ಚಿನ್ನದ ಬಣ್ಣ ಉದುರಿ ನೆಲವೆಲ್ಲ ಆಯಿತು. ಅದನ್ನೂ ಗುಡಿಸಬೇಕಾಯಿತು. ಅವನ ಕೋಟಿನ ಬೆನ್ನು ಹೊಲಿಗೆಯಲ್ಲಿ ಬಿಟ್ಟುಕೊಂಡಿತು. ಜನ ಮೊದಲು ಇದೂ ಆಟದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಅವನ ಮುಖ ಕಂಡು ಸುಮ್ಮನಾದರು. ತೀರ್ಪುಗಾರ ಮಾತ್ರ ಕೈ ಕಟ್ಟಿ ನಿಂತು, "ಅಲ್ಲಿ, ಆ ಮೂಲೇಲಿ," ಎಂದು ತೋರಿಸುತ್ತಿದ್ದ.

ಅವನು ಹೊರಗೆ ಬಂದ. ನಾನು ನಡೆದು ಹೋಗಿ ಕೇಜು ಹತ್ತಿದೆ. ಗಡಿಯಾರ ನಾಲ್ಕು ನಿಮಿಷ ನಲವತ್ತು ಸೆಕೆಂಡು ತೋರಿಸುತ್ತಿತ್ತು. ಇನ್ನೂ ಇಪ್ಪತ್ತು ಸೆಕೆಂಡು ನನ್ನದಿತ್ತು.

ಮೊದಲ ಸುತ್ತು ಅವಳದು. ನನ್ನ ಮೈ ತಣ್ಣಗಾಗಿತ್ತು. ಎರಡು ಸಲ ಕೆಡವಿದಳು, ಮೊಣಕೈಯಿಂದ ಹುಬ್ಬು ಸೀಳಿದಳು. ರಕ್ತ ಕಣ್ಣಿಗೆ ಇಳಿಯಿತು. ನಡುವೆ ಮೇಷ್ಟ್ರು ಹುಬ್ಬಿಗೆ ಬಟ್ಟೆ ಒತ್ತಿ, "ದೂರ ನಿಲ್ಲು," ಅಂದರು. ಎರಡನೇ ಸುತ್ತಿನಲ್ಲಿ ದೂರ ನಿಂತೆ. ಅವಳು ಹಿಡಿಯಲು ಬಂದಳು. ಹಿಂದೆ ಸರಿದೆ. ಮತ್ತೆ ಬಂದಳು, ಮತ್ತೆ ಸರಿದೆ. ಮೂರನೇ ಸಲ ಅವಳ ಕೈ ಮೇಲೆದ್ದಾಗ ಆ ಎರಡು ಪಕ್ಕೆಲುಬು ಕಂಡವು. ಒದ್ದೆ. ಕಾಲನ್ನು ವಾಪಸ್ ತಂದೆ. ಅವಳು ಒಂದು ಕ್ಷಣ ನಿಂತಳು. ಆಮೇಲೆ ಮೊಣಕಾಲೂರಿ, ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಿದ್ದಳು. ತೀರ್ಪುಗಾರ ಕೈ ಬೀಸಿ ಆಟ ನಿಲ್ಲಿಸಿದ.

ಅವ್ವ ಬಾಗಿಲಲ್ಲೇ ನಿಂತು ನೋಡಿದಳು. ಅವಳಿಗೆ ಕೂರಲು ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ಪಂದ್ಯವಾದ ಮೂರನೇ ದಿನ ಕ್ರೀಡಾಂಗಣದಲ್ಲಿ ಅವ್ವನ ಮೇಲ್ವಿಚಾರಕ, ಗಲಾಟೆ ತಣ್ಣಗಾಗುವವರೆಗೆ ಕೆಲಸಕ್ಕೆ ಬರಬೇಡ ಎಂದ. ಹತ್ತನೇ ದಿನ ನನಗೆ, ಕರಾಟೆ, ಎಂಎಂಎ ಎರಡನ್ನೂ ನೋಡಿಕೊಳ್ಳುವ ಕ್ರೀಡಾ ಸಂಘದ ಶಿಸ್ತು ಸಮಿತಿಯಿಂದ ಕಾಗದ ಬಂತು. ತಾಯಿಯನ್ನೂ ಕರೆತರಲು ಹೇಳಿದ್ದರು.

ಎರಡನೇ ಮಹಡಿ, ಬೆಳಿಗ್ಗೆ ಹನ್ನೊಂದು ಗಂಟೆ. ಉದ್ದನೆಯ ಮೇಜಿನ ಆಚೆ ಮೂರು ಜನ. ನಡುವೆ ಕೂತಿದ್ದವರು ನನ್ನ ಹಳೆಯ ಕರಾಟೆ ಮಾಸ್ಟರು. ಈಗ ಸಮಿತಿಯ ಅಧ್ಯಕ್ಷರು. ನಾನು ಗೆಲ್ಲಲು ಶುರು ಮಾಡಿದ ಮೇಲೆ ಅವರು, ತಾವೇ ಕಲಿಸಿದ ಹುಡುಗಿ ಎಂದು ಅಲ್ಲಲ್ಲಿ ಹೇಳುತ್ತಿದ್ದರಂತೆ.

"ನೋಡಮ್ಮ," ಅಂದರು. "ನೀನು ನಿಯಮ ಮುರಿದಿಲ್ಲ, ಒಪ್ತೀನಿ. ಐದು ನಿಮಿಷದೊಳಗೇ ಬಂದಿದೀಯ. ಆದ್ರೆ ಶಿಸ್ತು ಅಂತ ಒಂದಿದೆ. ಸಂಘಟಕರಿಗೆ ಎಲ್ಲರ ಎದುರು ಅವಮಾನ ಆಗಿದೆ. ಇದಕ್ಕೆ ಸಹಿ ಹಾಕು. ನಿನ್ನ ಗೆಲುವು ಉಳಿಯುತ್ತೆ, ಪಟ್ಟೀಲಿ ಹೆಸರು ಬರುತ್ತೆ. ಅಮ್ಮನ ಕೆಲಸದ ಬಗ್ಗೆನೂ ನಾನು ಮಾತಾಡ್ತೀನಿ."

ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

ನಾನು ಅವ್ವನ ಮಂಡಿ ನೋಡಿದೆ. ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಸಹಿ ಹಾಕುವವಳೇ ಇದ್ದೆ.

"ಏನ್ ಬರೆದಿದೆ, ಓದು," ಅಂದಳು ಅವ್ವ. ಅವಳಿಗೆ ಓದಲು ಬರುವುದಿಲ್ಲ.

ಓದಿದೆ. "ನನ್ನ ಅಶಿಸ್ತಿನ ವರ್ತನೆಯಿಂದಾಗಿ ಸಂಘಟಕರು ಸಾರ್ವಜನಿಕವಾಗಿ ನೆಲ ಗುಡಿಸಬೇಕಾಗಿ ಬಂದು, ಅವರಿಗೆ ತೀವ್ರ ನೋವು ಹಾಗೂ ಅವಮಾನವಾಗಿದೆ. ಇದಕ್ಕಾಗಿ ಬೇಷರತ್ತಾಗಿ ಕ್ಷಮೆ ಕೋರುತ್ತೇನೆ."

"ಬೇಷರತ್ತು ಅಂದ್ರೆ?"

"ನಮ್ಮ ಕಡೆಯಿಂದ ಏನೂ ಕೇಳೋ ಹಾಗಿಲ್ಲ ಅಂತ."

"ಅದೇನ್ ಹೊಸದಲ್ಲ," ಅಂದಳು ಅವ್ವ. ಆಮೇಲೆ ಮಾಸ್ಟರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಅವಳಿಗೆ ತಿಳಿಯದ ಒಂದು ವಿಷಯ ಕೇಳುವ ಹಾಗೆ ಕೇಳಿದಳು.

"ಸಾರ್, ಅವರು ಎಷ್ಟ್ ಹೊತ್ತು ಗುಡಿಸಿದ್ರು?"

"ಅದು ಮುಖ್ಯ ಅಲ್ಲಮ್ಮ."

"ಎರಡು ನಿಮಿಷ ಇರಬೋದಾ?"

ಮಾಸ್ಟರು ಕಾಗದದ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದರು.

"ಎರಡು ನಿಮಿಷ ಗುಡಿಸಿದ್ದಕ್ಕೆ ಅವಮಾನ ಆಯ್ತು ಅಂತ ಕಾಗದದಲ್ಲಿ ಬರ್ದಿದೀರಿ. ಕ್ಷಮೆ ಕೇಳ್ಬೇಕು ಅಂತಾನೂ ಬರ್ದಿದೀರಿ. ನಾನು ಇಪ್ಪತ್ತೆರಡು ವರ್ಷ ಗುಡಿಸಿದೀನಿ ಸಾರ್. ನಿಮ್ಮ ಹಾಲೇ ಹದಿನೆಂಟು ವರ್ಷ. ನನ್ನನ್ನ ಯಾರು ಕ್ಷಮೆ ಕೇಳ್ಬೇಕು? ಅದನ್ನೂ ಇದ್ರಲ್ಲೇ ಬರೀರಿ. ಬರೆದ್ರೆ ಅವಳು ಸಹಿ ಹಾಕ್ತಾಳೆ. ನಾನೂ ಹೆಬ್ಬೆಟ್ಟು ಒತ್ತುತೀನಿ."

ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಪಕ್ಕದವನು ಫೋನು ನೋಡಿಕೊಂಡ.

"ಇದು ಆ ವಿಷಯ ಅಲ್ಲ," ಅಂದರು ಕೊನೆಗೆ.

"ಇದೇ ವಿಷಯ ಸಾರ್," ಅಂದೆ. ಪೆನ್ನನ್ನು ಮೇಜಿನ ಮೇಲಿಟ್ಟೆ.

"ಹಾಗಾದ್ರೆ ಗೆಲುವು ರದ್ದು. ಒಂದು ವರ್ಷ ನಿಷೇಧ," ಎಂದರು. ಮೊದಲೇ ಟೈಪು ಮಾಡಿಸಿದ್ದ ಇನ್ನೊಂದು ಕಾಗದ ಅವರ ಹತ್ತಿರ ತಯಾರಿತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವ್ವನಿಗೆ ಆ ಕೆಲಸ ವಾಪಸ್ ಸಿಗಲಿಲ್ಲ. ನನ್ನ ಆಸ್ಪತ್ರೆಯಲ್ಲೇ ಎರಡನೇ ಮಹಡಿಗೆ ಸೇರಿಕೊಂಡಳು. ನಾನು ಮೂರನೇ ಮಹಡಿ. ಆಯೋಜಕ ಈಗಲೂ ಪಂದ್ಯ ಏರ್ಪಡಿಸುತ್ತಾನೆ, ಹೊಸ ಹುಡುಗಿಯೊಬ್ಬಳಿಗೆ ಹೊಸ ಕಥೆ ಹುಡುಕಿದ್ದಾನೆ. ಮೇಷ್ಟ್ರ ಗೋದಾಮಿಗೆ ನಮ್ಮ ಬೀದಿಯ ಒಂಬತ್ತು ಹುಡುಗಿಯರು ಬರುತ್ತಾರೆ. ಯಾರಿಗೂ ಜೋಡಿಯ ಕೊರತೆಯಿಲ್ಲ. ನಿಷೇಧ ಹೋದ ತಿಂಗಳು ಮುಗಿಯಿತು. ಯಾರೂ ಪಂದ್ಯಕ್ಕೆ ಕರೆದಿಲ್ಲ. ನಾನು ಪಂದ್ಯಕ್ಕೆ ಬೇಕಾದಷ್ಟಕ್ಕೆ ತೂಕ ಇಳಿಸಿಕೊಂಡೇ ಇದ್ದೇನೆ.

ಅವತ್ತು ಆ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲು ಇಳಿಯುತ್ತಿದ್ದೆವು. ಅವ್ವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

"ರದ್ದು ಅಂದ್ರೆ ಏನೇ?"

"ಆ ಪಂದ್ಯ ನಡೆದೇ ಇಲ್ಲ ಅಂತ ಬರ್ಕೋತಾರೆ."

"ನಡೆದೇ ಇಲ್ವಾ?"

"ಇಲ್ಲ."

ಅವ್ವ ಎರಡು ಮೆಟ್ಟಿಲು ಇಳಿದು ನಿಂತಳು.

"ಆ ಹುಡುಗಿ ಬಿದ್ಳಲ್ಲ?"

"ಬಿದ್ಳು."

"ಹೊಟ್ಟೆ ಹಿಡ್ಕೊಂಡು ಬಿದ್ಳು. ನಾನೇ ನೋಡಿದೀನಿ."

"ಹೂಂ."

"ಮತ್ತೆ?"

ಅವ್ವ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.

"ಬರ್ಕೊಳ್ಳಲಿ ಬಿಡು. ಬಿದ್ದೋಳು ಬಂದು ಬಿದ್ದಿಲ್ಲ ಅಂತ ಹೇಳ್ಲಿ, ಆಗ ನೋಡೋಣ."